ಒಬ್ಬನ ಪದಕಗಳನ್ನು ಎರಡು ದೇಶಕ್ಕೆ ಹಂಚಬೇಡಿ
ಪದಕ, ನಾಣ್ಯ, ಅಂಚೆಚೀಟಿ ಸಂಗ್ರಹಿಸುವ ಗೆಳೆಯರಿಗೊಂದು ಬಹಿರಂಗ ಪತ್ರ

ಪ್ರಿಯ ಸಂಗ್ರಾಹಕ ಮಿತ್ರರೇ,

ನಾಣ್ಯ, ಅಂಚೆಚೀಟಿಗಳಲ್ಲಿ ಕೈ ಪಳಗಿದ ನಮ್ಮ ಬಳಗದ ಹಲವರು ಈಗ ಯುದ್ಧಪದಕಗಳತ್ತ ಹೊರಳಿದ್ದೀರಿ. ಮೊದಲೆಲ್ಲ ಬ್ರಿಟಿಷ್ ಇಂಡಿಯಾದ ಪದಕಗಳಷ್ಟೇ ಕೈಗೆ ಸಿಗುತ್ತಿದ್ದವು. ಆನ್‌ಲೈನ್ ಹರಾಜು ಬಂದ ಮೇಲೆ ಯುರೋಪಿನವೂ ಸಿಗುತ್ತಿವೆ. ಸಂತೋಷದ ವಿಷಯವೇ. ಆದರೆ ಅದರ ಬೆನ್ನಿಗೇ ಒಂದು ಕೆಟ್ಟ ಚಾಳಿಯೂ ಬಂದಿದೆ. ಒಬ್ಬ ಸೈನಿಕನ ಮನೆಯಿಂದ ಒಟ್ಟಿಗೇ ಹೊರಬಿದ್ದ ವಸ್ತುಗಳನ್ನು ನಾವು ದೇಶವಾರು ಬಿಡಿಸುತ್ತಿದ್ದೇವೆ. ಜರ್ಮನಿಯದು ಒಬ್ಬರಿಗೆ, ಫ್ರಾನ್ಸಿನದು ಇನ್ನೊಬ್ಬರಿಗೆ. ಪದಕ ಆಲ್ಬಂಗೆ, ಜೊತೆಗಿದ್ದ ಹಳೆ ಕಾಗದ ರದ್ದಿಗೆ. ಈ ಪತ್ರ ಅದನ್ನು ನಿಲ್ಲಿಸಿ ಎಂದು ಕೇಳಿಕೊಳ್ಳುವುದಕ್ಕೆ.

ನನ್ನ ಮೇಜಿನ ಮೇಲೆ ಎರಡು ಶಿಲುಬೆಗಳಿವೆ. ಬೇರೆ ಬೇರೆ ಕಡೆ ಕೊಂಡವು. ಒಂದು ಜರ್ಮನಿಯ ಐರನ್ ಕ್ರಾಸ್, ಎರಡನೇ ದರ್ಜೆಯದು. ಕಪ್ಪು ಬಳಿದ ಕಬ್ಬಿಣದ ನಡುಭಾಗ, ಸುತ್ತ ಬೆಳ್ಳಿಯ ಚೌಕಟ್ಟು. ಮೇಲ್ತೋಳಿನಲ್ಲಿ ಕಿರೀಟ, ನಡುವೆ ಕೈಸರ್ ವಿಲ್‌ಹೆಲ್ಮನ ಮೊದಲಕ್ಷರ, ಕೆಳತೋಳಿನಲ್ಲಿ 1914. ತಿರುಗಿಸಿದರೆ ಓಕ್ ಎಲೆಗಳು, ಮತ್ತೊಂದು ಕಿರೀಟ, 1813 ಎಂಬ ಇಸವಿ; ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಪ್ರಷ್ಯಾದ ದೊರೆ ಈ ಪದಕವನ್ನು ಶುರುಮಾಡಿದ ವರ್ಷ ಅದು. ಇನ್ನೊಂದು ಫ್ರಾನ್ಸಿನ ಕ್ರ್ವಾ ದ ಗೇರ್. ಪೂರಾ ಕಂಚು. ಶಿಲುಬೆಯ ತೋಳುಗಳ ನಡುವೆ ಅಡ್ಡಹಾಯ್ದ ಎರಡು ಕತ್ತಿ, ಮಧ್ಯದಲ್ಲಿ ಟೋಪಿ ತೊಟ್ಟ ಗಣರಾಜ್ಯದ ಹೆಣ್ಣಿನ ಮುಖ, ಹಿಂದೆ 1914–1918. ಹಸಿರು ರಿಬ್ಬನ್, ಅದರ ಮೇಲೆ ಸಣ್ಣ ಕೆಂಪು ಗೆರೆಗಳು, ರಿಬ್ಬನ್‌ಗೆ ಚುಚ್ಚಿದ ಒಂದು ಪುಟ್ಟ ಕಂಚಿನ ನಕ್ಷತ್ರ. ನಕ್ಷತ್ರ ಕಂಚಿನದಾದರೆ ರೆಜಿಮೆಂಟ್ ಅಥವಾ ಬ್ರಿಗೇಡ್ ಮಟ್ಟದ ಪ್ರಶಂಸೆ, ಬೆಳ್ಳಿಯದಾದರೆ ಡಿವಿಜನ್, ಚಿನ್ನದ ಬಣ್ಣದ್ದಾದರೆ ಕೋರ್, ಕಂಚಿನ ತಾಳೆಗರಿಯಾದರೆ ಇಡೀ ಸೇನೆಯ ಮಟ್ಟದ್ದು.

ಇಷ್ಟು ಹೇಳಬಲ್ಲೆ. ಇವು ಯಾರ ಎದೆಯ ಮೇಲಿದ್ದವು ಅನ್ನುವುದನ್ನು ಮಾತ್ರ ಹೇಳಲಾರೆ, ಬೇರೆ ಯಾರೂ ಹೇಳಲಾರರು. ಎರಡರ ಮೇಲೂ ಹೆಸರಿಲ್ಲ. ಐರನ್ ಕ್ರಾಸಿನ ಬಳೆಯ ಮೇಲೆ ಸಣ್ಣದೊಂದು ಮುದ್ರೆ ಇದ್ದರೆ ಅದು ತಯಾರಿಸಿದವರದು, ಪಡೆದವನದಲ್ಲ. ಮೊದಲ ಮಹಾಯುದ್ಧದಲ್ಲಿ ಎರಡನೇ ದರ್ಜೆಯ ಐರನ್ ಕ್ರಾಸ್ ಕೊಟ್ಟದ್ದು ಅಂದಾಜು 50 ಲಕ್ಷಕ್ಕೂ ಹೆಚ್ಚು ಮಂದಿಗೆ. ಅಷ್ಟೂ ಒಂದೇ ವಿನ್ಯಾಸದವು.

ನಾವು ಈ ತಪ್ಪಿಗೆ ಸುಲಭವಾಗಿ ಬೀಳುವುದಕ್ಕೆ ಕಾರಣವೂ ಇದೆ. ನಾವು ಪಳಗಿದ್ದು ಬ್ರಿಟಿಷ್ ಪದಕಗಳಲ್ಲಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್ ಕೈಗೆ ಬಂದರೆ ಮೊದಲು ಮಾಡುವ ಕೆಲಸ ಅಂಚು ತಿರುಗಿಸಿ ನೋಡುವುದು. ಸೈನಿಕನ ನಂಬರು, ದರ್ಜೆ, ಹೆಸರು, ಪಡೆ ಎಲ್ಲವನ್ನೂ ಅಲ್ಲಿ ಒತ್ತಿರುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಪದಕಗಳಿಗೆ ಹೆಸರು ಹಾಕುವುದನ್ನು ಬಿಟ್ಟರು, ಭಾರತೀಯ ಸೈನಿಕರ ಪದಕಗಳಿಗೆ ಹಾಕಿಯೇ ಕೊಟ್ಟರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದವರ ಜೊತೆ ಕುದುರೆ ನುಗ್ಗಿಸಿದ ಮೈಸೂರು ಲ್ಯಾನ್ಸರ್ಸ್‌ನ ಸವಾರನ ಪದಕವಾಗಲಿ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನವನ ಪದಕವಾಗಲಿ, ಕಾಗದ ಕಳೆದರೂ ತನ್ನ ಒಡೆಯನ ಹೆಸರನ್ನು ತಾನೇ ಹೇಳುತ್ತದೆ. ಹಾಗಾಗಿ ಕಾಗದ ನಮಗೆ ಹೆಚ್ಚುವರಿ ಅಲಂಕಾರ. ಅದೇ ರೂಢಿಯನ್ನು ಯುರೋಪಿನ ಪದಕಕ್ಕೂ ಹಚ್ಚಿದರೆ ಅನಾಹುತ. ಅಲ್ಲಿ ಪದಕ ಮೂಕ, ಮಾತಾಡುವುದು ಕಾಗದ.

ಅನಾಹುತ ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಗಡಿನಾಡಿನ ಸೈನಿಕನನ್ನು ನೋಡಬೇಕು. ಶಾಲೆಯ ಇತಿಹಾಸದ ಪುಸ್ತಕದಲ್ಲಿ ನಾವೆಲ್ಲ ಒಂದು ಸಾಲು ಓದಿ ಮರೆತ ಆಲ್ಸೇಸ್-ಲೊರೇನ್ ನೆನಪಿದೆಯೇ? ರೈನ್ ನದಿಯ ಪಶ್ಚಿಮ ದಂಡೆಯ ಆ ಸೀಮೆ ಫ್ರಾನ್ಸಿನದಾಗಿತ್ತು. ಯುದ್ಧದಲ್ಲಿ ಸೋತ ಫ್ರಾನ್ಸ್ 1871ರ ಫ್ರಾಂಕ್‌ಫರ್ಟ್ ಒಪ್ಪಂದದಲ್ಲಿ ಅದನ್ನು ಜರ್ಮನಿಗೆ ಬಿಟ್ಟುಕೊಟ್ಟಿತು. 1918ರ ನವೆಂಬರಿನಲ್ಲಿ ಫ್ರೆಂಚ್ ಸೈನ್ಯ ಮರಳಿ ಬಂತು. 1940ರಲ್ಲಿ ಹಿಟ್ಲರನ ಸೈನ್ಯ ನುಗ್ಗಿತು. 1944–45ರ ಚಳಿಗಾಲದಲ್ಲಿ ಮತ್ತೆ ಫ್ರಾನ್ಸ್. 1871ಕ್ಕಿಂತ ಸ್ವಲ್ಪವೇ ಮೊದಲು ಅಲ್ಲಿ ಹುಟ್ಟಿ ಎಂಬತ್ತು ವರ್ಷ ಬಾಳಿದವಳು ತನ್ನ ಊರಿನ ಗಡಿ ದಾಟದೆಯೇ ನಾಲ್ಕು ಸಲ ದೇಶ ಬದಲಿಸಿದಳು. ಅವಳ ಮಕ್ಕಳು, ಮೊಮ್ಮಕ್ಕಳು ಸಮವಸ್ತ್ರ ಬದಲಿಸಿದರು.

ಮೊದಲ ಮಹಾಯುದ್ಧದಲ್ಲಿ ಈ ಸೀಮೆಯ ಸುಮಾರು 3,80,000 ಗಂಡಸರು ಜರ್ಮನ್ ಸೈನ್ಯದಲ್ಲಿದ್ದರು. ಕಾನೂನಿನ ಪ್ರಕಾರ ಅವರು ಜರ್ಮನ್ ಪ್ರಜೆಗಳು, ಸೈನ್ಯಕ್ಕೆ ಹೋಗುವುದು ಕಡ್ಡಾಯ. ಜರ್ಮನ್ ಅಧಿಕಾರಿಗಳಿಗೆ ಅವರ ಮೇಲೆ ನಂಬಿಕೆಯಿರಲಿಲ್ಲ. ಫ್ರೆಂಚರ ಎದುರು ನಿಲ್ಲಿಸಿದರೆ ಓಡಿಹೋಗುತ್ತಾರೆಂದು ಬಹಳ ಮಂದಿಯನ್ನು ರಷ್ಯಾದ ದಿಕ್ಕಿಗೆ ಕಳಿಸಿದರು. ಗಡಿ ದಾಟಿ ಫ್ರೆಂಚ್ ಸೈನ್ಯ ಸೇರಿದವರೂ ಸಾವಿರಾರು ಮಂದಿ. ಜರ್ಮನ್ನರ ಕೈಗೆ ಸೆರೆ ಸಿಕ್ಕರೆ ದೇಶದ್ರೋಹದ ಆರೋಪದಲ್ಲಿ ಗುಂಡೇಟು ಖಚಿತವಾದ್ದರಿಂದ ಫ್ರೆಂಚರು ಅವರಿಗೆ ಸುಳ್ಳು ಹೆಸರು, ಸುಳ್ಳು ಹುಟ್ಟೂರು ಬರೆದುಕೊಟ್ಟರು. ಅಂಥವನ ಫ್ರೆಂಚ್ ಸೇನಾಪುಸ್ತಕದಲ್ಲಿ ಒಂದು ಹೆಸರು, ಮನೆಯ ದಾಖಲೆಯಲ್ಲಿ ಇನ್ನೊಂದು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಅವರಿಬ್ಬರೂ ಒಬ್ಬನೇ ಎಂದು ತಿಳಿಯುವ ದಾರಿಯೇ ಇಲ್ಲ.

ಯುದ್ಧ ಮುಗಿದು ಫ್ರಾನ್ಸ್ ಬಂದಾಗ ಹಳ್ಳಿಹಳ್ಳಿಯಲ್ಲೂ ಜರ್ಮನ್ ಸೈನ್ಯದಲ್ಲಿದ್ದವರೇ ತುಂಬಿದ್ದರು. ಅವರು ಫ್ರೆಂಚ್ ಪ್ರಜೆಗಳಾದರು. ಜರ್ಮನಿಗಾಗಿ ಕಾಲು ಕಳೆದುಕೊಂಡವನಿಗೆ ಪಿಂಚಣಿ ಕೊಟ್ಟದ್ದು ಫ್ರಾನ್ಸ್. ಜನರಿಗೆ ಗುರುತಿನ ಚೀಟಿ ಕೊಡುವಾಗ ಮಾತ್ರ ತಂದೆತಾಯಿ ಯಾರು, ಎಲ್ಲಿಯವರು ಎಂದು ಕೆದಕಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದರು. ಸ್ಟ್ರಾಸ್‌ಬರ್ಗ್ ನಗರ ತನ್ನ ಮಡಿದ ಮಕ್ಕಳಿಗೆ ಸ್ಮಾರಕ ನಿಲ್ಲಿಸುವ ಹೊತ್ತಿಗೆ 1936 ಬಂದಿತ್ತು. ಶಿಲ್ಪಿ ಲಿಯೋನ್-ಅರ್ನೆಸ್ಟ್ ದ್ರಿವಿಯೇ ಕಡೆದದ್ದು ಒಬ್ಬ ತಾಯಿಯನ್ನು, ಅವಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳನ್ನು. ಮಕ್ಕಳ ಮೈಮೇಲೆ ಬಟ್ಟೆಯಿಲ್ಲ, ಆದ್ದರಿಂದ ಸಮವಸ್ತ್ರವೂ ಇಲ್ಲ. ಫ್ರಾನ್ಸಿನ ಊರೂರ ಸ್ಮಾರಕಗಳಲ್ಲಿ ಮಡಿದದ್ದು ಫ್ರಾನ್ಸಿಗಾಗಿ ಎಂದು ಕೆತ್ತಿರುತ್ತದೆ. ಇಲ್ಲಿ ಕೆತ್ತಿರುವುದು ನಮ್ಮ ಮಡಿದವರಿಗೆ ಎಂದಷ್ಟೇ. ಯಾವ ದೇಶಕ್ಕಾಗಿ ಎಂದು ಬರೆಯಹೊರಟರೆ ಊರಿನ ಬಹುಪಾಲು ಹೆಸರು ಬಿಡಬೇಕಾಗುತ್ತಿತ್ತು.

ಎರಡನೇ ಸುತ್ತು ಇನ್ನೂ ಘೋರ. 1939ರಲ್ಲಿ ಆಲ್ಸೇಸಿನ ಹುಡುಗರು ಫ್ರೆಂಚ್ ಸಮವಸ್ತ್ರ ತೊಟ್ಟು ಗಡಿ ಕಾದರು. 1940ರ ಜೂನ್‌ನಲ್ಲಿ ಫ್ರಾನ್ಸ್ ಸೋತಿತು. ಕದನವಿರಾಮದ ಕರಾರಿನಲ್ಲಿ ಆಲ್ಸೇಸಿನ ಸುದ್ದಿಯೇ ಇರಲಿಲ್ಲ, ಆದರೂ ಜರ್ಮನಿ ಅದನ್ನು ನುಂಗಿಹಾಕಿತು. ರಾಬರ್ಟ್ ವಾಗ್ನರ್ ಎಂಬ ನಾಜಿ ಅಧಿಪತಿ ಬಂದ. ಬೀದಿಯ ಹೆಸರು, ಅಂಗಡಿಯ ಬೋರ್ಡು, ಕೊನೆಗೆ ಮನುಷ್ಯರ ಹೆಸರೂ ಜರ್ಮನ್ ಆಗಬೇಕಾಯಿತು. ಜ್ಯಾನ್ ಆಗಿದ್ದವನು ಹಾನ್ಸ್ ಆದ. 1942ರ ಆಗಸ್ಟ್ 25ರಂದು ಆಲ್ಸೇಸಿನಲ್ಲಿ ಕಡ್ಡಾಯ ಸೇನಾಭರ್ತಿಯ ಆಜ್ಞೆ ಹೊರಟಿತು. ಪಕ್ಕದ ಮೊಸೆಲ್ ಜಿಲ್ಲೆಯಲ್ಲಿ ಅದಕ್ಕೂ ಕೆಲವೇ ದಿನ ಮೊದಲು. ಎರಡೂ ಕಡೆಯಿಂದ ಸುಮಾರು 1,30,000 ಮಂದಿಯನ್ನು ಎಳೆದೊಯ್ದರು. ಮೂರು ವರ್ಷದ ಹಿಂದೆ ಫ್ರಾನ್ಸಿಗಾಗಿ ಬಂದೂಕು ಹಿಡಿದವರೂ ಅವರಲ್ಲಿದ್ದರು. ಮರಳದವರು 30,000ಕ್ಕೂ ಹೆಚ್ಚು. ಫ್ರಾನ್ಸಿನಲ್ಲಿ ಇವರನ್ನು ಮಾಲ್‌ಗ್ರೆ-ನೂ ಎನ್ನುತ್ತಾರೆ, ಮನಸ್ಸಿಲ್ಲದೆ ಹೋದವರು.

ತಪ್ಪಿಸಿಕೊಂಡರೆ ಮನೆಯವರನ್ನು ಹಿಡಿಯುತ್ತಿದ್ದರು. 1943ರ ಫೆಬ್ರುವರಿಯಲ್ಲಿ ಬಲ್ಲರ್ಸ್‌ಡಾರ್ಫ್ ಎಂಬ ಹಳ್ಳಿಯ ಯುವಕರ ಗುಂಪೊಂದು ರಾತ್ರಿ ಸ್ವಿಟ್ಜರ್ಲೆಂಡಿನತ್ತ ಹೊರಟು ಗಡಿಯ ಹತ್ತಿರ ಸಿಕ್ಕಿಬಿತ್ತು. ಸೆರೆಯಾದವರನ್ನು ನಾಜಿಗಳ ಸ್ಟ್ರುಟ್‌ಹೋಫ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು, ಕುಟುಂಬಗಳನ್ನು ಜರ್ಮನಿಗೆ ಸಾಗಿಸಿದರು. ಹೋದವರ ಪಾಡೂ ಅಷ್ಟೇ. ಹೆಚ್ಚಿನವರನ್ನು ರಷ್ಯಾದ ರಣರಂಗಕ್ಕೆ ಅಟ್ಟಿದರು. ನಾವು ಫ್ರೆಂಚರು ಎನ್ನುತ್ತ ರಷ್ಯನ್ನರಿಗೆ ಶರಣಾದವರನ್ನು ತಂಬೋವ್ ಹತ್ತಿರದ 188ನೇ ಶಿಬಿರದಲ್ಲಿ ಕೂಡಿಹಾಕಿದರು. ಹಸಿವಿಗೆ, ಚಳಿಗೆ, ಕಾಯಿಲೆಗೆ ಸಾವಿರಾರು ಮಂದಿ ಸತ್ತರು. 1944ರ ಜುಲೈನಲ್ಲಿ 1,500 ಮಂದಿಯನ್ನು ಬಿಟ್ಟರು. ಅವರು ಟೆಹರಾನ್ ಮಾರ್ಗವಾಗಿ ಆಲ್ಜೀರ್ಸ್‌ನ ಫ್ರೆಂಚ್ ಪಡೆಯನ್ನು ಸೇರಿಕೊಂಡರು. ಅಂದರೆ ಫ್ರೆಂಚ್ ಸಮವಸ್ತ್ರ, ಅದಾದ ಮೇಲೆ ಜರ್ಮನ್ ಸಮವಸ್ತ್ರ, ಅದನ್ನು ಕಳಚಿ ಮತ್ತೆ ಫ್ರೆಂಚ್ ಸಮವಸ್ತ್ರ ತೊಡುವ ಸಾಧ್ಯತೆ ಒಬ್ಬನೇ ಮನುಷ್ಯನ ಆರು ವರ್ಷಗಳಲ್ಲಿತ್ತು. ರಷ್ಯಾದಲ್ಲಿ ಉಳಿದವರಲ್ಲಿ ಕೊನೆಯವನು ಮನೆ ಮುಟ್ಟಿದ್ದು 1955ರಲ್ಲಿ.

ಊರಿಗೆ ಬಂದವರು ಬಾಯಿ ಬಿಡಲಿಲ್ಲ. ಬಿಟ್ಟರೆ ಕೇಳುವವರೂ ಇರಲಿಲ್ಲ. 1944ರ ಜೂನ್ 10ರಂದು ಒರಾದೂರ್ ಎಂಬ ಫ್ರೆಂಚ್ ಹಳ್ಳಿಯಲ್ಲಿ ನಾಜಿಗಳ ಎಸ್‌ಎಸ್ ಪಡೆ 640ಕ್ಕೂ ಹೆಚ್ಚು ಮಂದಿಯನ್ನು ಕೊಂದಿತ್ತು. ಅದರ ವಿಚಾರಣೆ 1953ರಲ್ಲಿ ಬೋರ್ದೊ ನಗರದಲ್ಲಿ ನಡೆದಾಗ 21 ಆರೋಪಿಗಳಲ್ಲಿ 14 ಮಂದಿ ಆಲ್ಸೇಸಿನವರು, ಅವರಲ್ಲಿ 13 ಮಂದಿ ಬಲವಂತಕ್ಕೆ ಸೇರಿದವರು. ಶಿಕ್ಷೆಯಾದಾಗ ಆಲ್ಸೇಸ್ ಕುದಿಯಿತು. ಬಲವಂತಕ್ಕೆ ಸೇರಿದವರಿಗೆ ಸಂಸತ್ತು ಕ್ಷಮಾದಾನ ಕೊಟ್ಟಾಗ ಒರಾದೂರ್ ಕುದಿಯಿತು. ಎರಡೂ ಕಡೆಯ ನೋವು ನಿಜ. ಹೀಗಿರುವಾಗ ಜರ್ಮನ್ ಸಮವಸ್ತ್ರದ ಫೋಟೋವನ್ನು ಯಾರು ಗೋಡೆಗೆ ತೂಗುಹಾಕುತ್ತಾರೆ? ಅದು ಅಟ್ಟ ಸೇರಿತು. ಅಜ್ಜ ಸತ್ತ ಮೇಲೆ ಮೊಮ್ಮಕ್ಕಳು ಮನೆ ಖಾಲಿ ಮಾಡುವಾಗ ಕೆಳಗಿಳಿದು ಹಳೆಸಾಮಾನಿನ ಸಂತೆಗೆ, ಅಲ್ಲಿಂದ ಹರಾಜಿಗೆ, ಹರಾಜಿನಿಂದ ನಮ್ಮ ಕೈಗೆ ಬರುತ್ತದೆ.

ಹಾಗೆ ಬರುವ ಗಂಟಿನಲ್ಲಿ ಏನೇನಿರುತ್ತದೆ ನೋಡಿ. ಫ್ರೆಂಚ್ ಸೇನೆಯ ಸೇವಾಪುಸ್ತಕ. ಜರ್ಮನ್ ಸೈನಿಕ ಸದಾ ಅಂಗಿಯ ಜೇಬಿನಲ್ಲಿಟ್ಟುಕೊಳ್ಳಬೇಕಿದ್ದ ಸಂಬಳದ ಪುಸ್ತಕ, ಝೋಲ್ಡ್‌ಬೂಖ್. ಕಣ್ಣಿಗೊತ್ತಿಕೊಳ್ಳಬೇಕಾದ ಅಮೂಲ್ಯ ವಸ್ತು ಇದೇ. ಹೆಸರು, ಹುಟ್ಟಿದ ದಿನ, ಎತ್ತರ, ಬೂಟಿನ ಅಳತೆ, ಯಾವ ಪಡೆಯಿಂದ ಯಾವುದಕ್ಕೆ ವರ್ಗ, ಯಾವ ಚುಚ್ಚುಮದ್ದು, ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ, ಯಾವಾಗ ರಜೆ, ಯಾವ ಪದಕ, ಎಲ್ಲವೂ ಗುಮಾಸ್ತರ ಕೈಬರಹದಲ್ಲಿ. ಜೊತೆಗೆ ಅಂಡಾಕಾರದ ಲೋಹದ ಬಿಲ್ಲೆ, ನಡುವೆ ಸಾಲು ತೂತು. ಸೈನಿಕ ಸತ್ತರೆ ಕೆಳಗಿನ ಅರ್ಧವನ್ನು ಮುರಿದುಕೊಂಡು ಮೇಲಿನ ಅರ್ಧವನ್ನು ಹೆಣದ ಮೇಲೇ ಬಿಡುತ್ತಿದ್ದರು. ಎರಡರ ಮೇಲೂ ಒಂದೇ ನಂಬರು. ಇಡೀ ಬಿಲ್ಲೆ ಉಳಿದಿದ್ದರೆ ಅವನು ಬದುಕಿ ಬಂದಿರುವ ಸಂಭವ ಹೆಚ್ಚು. ಮತ್ತೆ ಊರಿಗೆ ಬರೆದ ಕಾಗದಗಳು: ಅಂಚೆಚೀಟಿಯಿಲ್ಲ, ಪಡೆಯ ಹೆಸರಿಲ್ಲ, ಐದಂಕಿಯ ಸೇನಾ ಅಂಚೆ ನಂಬರು ಮಾತ್ರ. ಕೆಲವು ಫೋಟೋಗಳಲ್ಲಿ ಸ್ವಸ್ತಿಕವನ್ನು ಯಾರೋ ಬ್ಲೇಡಿನಲ್ಲಿ ಕೆರೆದಿರುತ್ತಾರೆ.

ಈ ಗಂಟನ್ನು ನಾವು ಹೇಗೆ ಬಿಚ್ಚುತ್ತೇವೆ? ನಾಜಿ ಕಾಲದ ವಸ್ತುವಿಗೆ ಬೆಲೆ ಜಾಸ್ತಿ, ಅದು ಮೊದಲು ಹೋಗುತ್ತದೆ. ಫ್ರೆಂಚ್ ಪದಕ ಸಾಮಾನ್ಯ, ಅಗ್ಗ. ಅದನ್ನು ಇನ್ಯಾವುದೋ ಕೊಡುಗೆಗೆ ಸೇರಿಸಿ ಸಾಗಹಾಕುತ್ತೇವೆ. ಅಂಚೆ ಸಂಗ್ರಾಹಕರು ಲಕೋಟೆ ಒಯ್ಯುತ್ತಾರೆ, ಒಳಗಿನ ಕಾಗದ ಬಿಡುತ್ತಾರೆ. ಕೊನೆಗೆ ಒಬ್ಬರ ಆಲ್ಬಂನಲ್ಲಿ ಒಬ್ಬ ಜರ್ಮನ್ ಸೈನಿಕ, ಇನ್ನೊಬ್ಬರ ಆಲ್ಬಂನಲ್ಲಿ ಒಬ್ಬ ಫ್ರೆಂಚ್ ಸೈನಿಕ. ನಿಜವಾಗಿ ಇದ್ದ ಒಬ್ಬ ಮನುಷ್ಯ ಎಲ್ಲೂ ಇಲ್ಲ. ಭಾಗಕ್ಕೆ ಬಿದ್ದ ಅಣ್ಣತಮ್ಮಂದಿರು ಮನೆಯ ಜಾತಕ, ಹಕ್ಕುಪತ್ರಗಳನ್ನು ಹರಿದು ಹಂಚಿಕೊಂಡರೆ ಯಾರಿಗೂ ದಕ್ಕುವುದಿಲ್ಲವಲ್ಲ, ಹಾಗೆ. ಅವನು ಬದುಕಿದ್ದಾಗ ಎರಡು ದೇಶಗಳ ಸರ್ಕಾರಗಳು ಅವನಿಗೆ ಮಾಡಿದ್ದನ್ನು, ಅವನು ಸತ್ತ ಮೇಲೆ ನಾವು ಮಾಡುತ್ತಿದ್ದೇವೆ: ನೀನು ಯಾರ ಕಡೆಯವನು ಹೇಳು ಎನ್ನುತ್ತಿದ್ದೇವೆ.

ಒಟ್ಟಿಗಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಡೊಮಿನಿಕ್ ರಿಷೆರ್ ಆಲ್ಸೇಸಿನ ದಕ್ಷಿಣದ ಸೇಂಟ್-ಉಲ್ರಿಕ್ ಹಳ್ಳಿಯ ರೈತ, ಹುಟ್ಟಿದ್ದು 1893ರಲ್ಲಿ. ಜರ್ಮನ್ ಸೈನ್ಯದಲ್ಲಿ ಪೂರ್ವ ಪಶ್ಚಿಮ ಎರಡೂ ದಿಕ್ಕಿನಲ್ಲಿ ಕಾದಾಡಿ, 1918ರ ಜುಲೈನಲ್ಲಿ ಫ್ರೆಂಚರ ಕಡೆಗೆ ದಾಟಿದ. ಊರಿಗೆ ಬಂದು ಕಂಡದ್ದನ್ನೆಲ್ಲ ಬರೆದಿಟ್ಟ. ಎರಡನೇ ಯುದ್ಧದಲ್ಲಿ ಅವನ ಮಕ್ಕಳು ಜರ್ಮನ್ ಭರ್ತಿಗೆ ಸಿಗದೆ ಸ್ವಿಟ್ಜರ್ಲೆಂಡಿಗೆ ಹೋದರು. ಶಿಕ್ಷೆಯಾಗಿ ಅವನನ್ನೂ ಅವನ ಹೆಂಡತಿಯನ್ನೂ ಜರ್ಮನಿಗೆ ದುಡಿಯಲು ಒಯ್ದರು. 1977ರಲ್ಲಿ ಅವನು ತೀರಿಕೊಂಡ. ಅವನ ಬರಹದ ಪ್ರತಿಯೊಂದು ಜರ್ಮನಿಯ ಫ್ರೈಬರ್ಗ್‌ನ ಸೇನಾ ದಾಖಲೆಗಳ ಭಂಡಾರದಲ್ಲಿ ಸಂಶೋಧಕರ ಕಣ್ಣಿಗೆ ಬಿದ್ದು 1989ರಲ್ಲಿ ಪುಸ್ತಕವಾಯಿತು. ಇಂದು ಆ ಯುದ್ಧದ ಸಾಮಾನ್ಯ ಸೈನಿಕನ ಬಗ್ಗೆ ಬರೆಯುವವರು ಅವನನ್ನು ಬಿಟ್ಟು ಬರೆಯುವುದು ಕಷ್ಟ. ಅಷ್ಟೂ ಪುಟ ಯಾರೋ ಎಸೆಯದೆ ಉಳಿಸಿದ್ದರಿಂದ ಬಂದದ್ದು. ಇನ್ನೊಬ್ಬ, 1931ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿದ ಚಿತ್ರಕಾರ ಟೋಮಿ ಉಂಗೆರೆರ್. ನಾಜಿ ಶಾಲೆಯಲ್ಲಿ ಅವನು ಬರೆದ ಪುಸ್ತಕ, ಬಿಡಿಸಿದ ಚಿತ್ರಗಳನ್ನು ತಾಯಿ ತೆಗೆದಿಟ್ಟಿದ್ದಳು. ಅವುಗಳ ಆಧಾರದಿಂದಲೇ 1991ರಲ್ಲಿ ಅವನ ಬಾಲ್ಯದ ಕಥನ ಬಂತು.

ಇದು ಯುರೋಪಿನವರ ತಾಪತ್ರಯ, ನಮಗೇಕೆ ಎನ್ನಬೇಡಿ. 1947ರಲ್ಲಿ ನಮ್ಮ ಸೈನ್ಯವೂ ಎರಡಾಯಿತು. ಬರ್ಮಾದಲ್ಲಿ, ಇಟಲಿಯಲ್ಲಿ ಒಂದೇ ರೆಜಿಮೆಂಟಿನಲ್ಲಿ ಕಾದಾಡಿದ ಪಂಜಾಬಿನವರು ಒಬ್ಬೊಬ್ಬರು ಒಂದೊಂದು ದೇಶದ ಸೈನಿಕರಾದರು. ಬ್ರಿಟಿಷ್ ದೊರೆಯ ಪದಕದ ಪಕ್ಕದಲ್ಲಿ ಒಬ್ಬನಿಗೆ ಭಾರತದ ಸ್ವಾತಂತ್ರ್ಯದ ಪದಕ, ಇನ್ನೊಬ್ಬನಿಗೆ ಪಾಕಿಸ್ತಾನದ್ದು. ಒಂದೇ ಅಡ್ಡಪಟ್ಟಿಗೆ ಹೊಲಿದ ಆ ಸಾಲನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುವುದನ್ನು ನಾವೆಲ್ಲ ನೋಡಿದ್ದೇವೆ.

ಹಾಗಾದರೆ ಏನು ಮಾಡಬೇಕು? ಇಂಥ ಗಂಟು ಕೈಗೆ ಬಂದರೆ ಮೊದಲು ಇದ್ದಹಾಗೇ ಫೋಟೋ ತೆಗೆಯಿರಿ, ಯಾವುದರ ಒಳಗೆ ಯಾವುದಿತ್ತು ಎಂಬುದೂ ಕಾಣಬೇಕು. ಯಾರಿಂದ, ಎಲ್ಲಿಂದ, ಯಾವಾಗ ಬಂತು ಎಂದು ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ. ಪದಕವನ್ನು ಪಾಲಿಶ್ ಮಾಡಬೇಡಿ, ಹರಿದ ರಿಬ್ಬನ್‌ಗೆ ಹೊಸದನ್ನು ಹಾಕಬೇಡಿ. ಕಾಗದವನ್ನು ಲ್ಯಾಮಿನೇಟ್ ಮಾಡಿಸುವುದೆಂದರೆ ಅದನ್ನು ಕೊಂದಂತೆ; ಆಮ್ಲವಿಲ್ಲದ ಲಕೋಟೆಯಲ್ಲಿಡಿ. ಫ್ರೆಂಚ್ ಪುಸ್ತಕದ ಜ್ಯಾನ್, ಜರ್ಮನ್ ಪುಸ್ತಕದ ಹಾನ್ಸ್ ಇಬ್ಬರು ಎಂದು ತೀರ್ಮಾನಿಸುವ ಮುನ್ನ ಹುಟ್ಟಿದ ದಿನವನ್ನು ತಾಳೆ ನೋಡಿ. ಮಾರಲೇಬೇಕಾದರೆ ಇಡೀ ಗಂಟನ್ನೇ ಮಾರಿ, ಒಡೆಯುವುದಿಲ್ಲ ಎಂದು ಒಪ್ಪುವವರಿಗೇ ಮಾರಿ. ನಾಲ್ಕು ಕಾಸು ಕಡಿಮೆ ಬರಬಹುದು, ಬರಲಿ.

ನಾಜಿ ಚಿಹ್ನೆಯ ಬಗ್ಗೆ ಒಂದು ಮಾತು. ಜರ್ಮನಿಯಲ್ಲಿ 1957ರ ಕಾನೂನು ಹಳೆಯ ಸೈನಿಕರಿಗೆ ಎರಡನೇ ಯುದ್ಧದ ಪದಕ ತೊಡಲು ಅವಕಾಶ ಕೊಟ್ಟದ್ದು ಸ್ವಸ್ತಿಕ ತೆಗೆದ ಮಾದರಿಗೆ ಮಾತ್ರ. ನಮ್ಮಲ್ಲಿ ಅಂಥ ಕಾನೂನಿಲ್ಲ ಎಂದು ಆ ಚಿಹ್ನೆಯನ್ನು ಗತ್ತಿಗಾಗಿ ಪ್ರದರ್ಶನದ ಮೊದಲ ಚೌಕಟ್ಟಿನಲ್ಲಿಡಬೇಡಿ. ಮುಚ್ಚಿಡುವುದೂ ಬೇಡ. ಪಕ್ಕದಲ್ಲಿ ಅವನ ಫ್ರೆಂಚ್ ಪುಸ್ತಕವನ್ನೂ ಅವನನ್ನು ಎಳೆದೊಯ್ದ ಆಜ್ಞೆಯ ತಾರೀಖನ್ನೂ ಇಡಿ. ಹಾಗೆಂದು ಎಲ್ಲರೂ ಬಲವಂತಕ್ಕೇ ಹೋದವರು ಎಂದೂ ಬರೆಯಬೇಡಿ. ಮನಸಾರೆ ಹೋದವರೂ ಇದ್ದರು. ಯಾರು ಯಾವ ಬಗೆ ಎನ್ನುವುದನ್ನು ತೋರಿಸುವುದೂ ಆ ಕಾಗದಗಳೇ.

ಹೆಸರು, ಊರು ಸಿಕ್ಕರೆ ಪುಟಗಳನ್ನು ಸ್ಕ್ಯಾನ್ ಮಾಡಿ ಆಲ್ಸೇಸಿಗೆ ಕಳಿಸಿ. ಶಿರ್ಮೆಕ್ ಊರಿನಲ್ಲಿ 2005ರಲ್ಲಿ ತೆರೆದ ಆಲ್ಸೇಸ್-ಮೊಸೆಲ್ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಜರ್ಮನ್ ಸೈನಿಕರ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಬರ್ಲಿನ್ನಿನ ಕಚೇರಿ 2019ರಿಂದ ಜರ್ಮನಿಯ ರಾಷ್ಟ್ರೀಯ ದಾಖಲೆಗಳ ಸಂಸ್ಥೆಗೆ ಸೇರಿದೆ. ಬಿಲ್ಲೆಯ ನಂಬರಿನಿಂದ ಅಲ್ಲಿ ವಿಚಾರಿಸಬಹುದು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಜ್ಜ ಎಲ್ಲಿ ಸತ್ತನೆಂದು ಗೊತ್ತಿಲ್ಲ. ಮೂಲ ವಸ್ತುವನ್ನೇ ಕಳಿಸುವ ಮನಸ್ಸಿದ್ದರೆ ಆತುರಪಡಬೇಡಿ. ನೂರು ವರ್ಷ ದಾಟಿದ ವಸ್ತು ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರಬಹುದು, ಐತಿಹಾಸಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಸಾಕು. ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿಯೇ ಮುಂದುವರಿಯಿರಿ.

ಕೊನೆಯದಾಗಿ ನಮ್ಮ ಪ್ರದರ್ಶನಗಳನ್ನು ಏರ್ಪಡಿಸುವವರಲ್ಲಿ ಒಂದು ಬೇಡಿಕೆ. ಸ್ಪರ್ಧೆಯ ವಿಭಾಗಗಳನ್ನು ಈಗ ದೇಶದ ಹೆಸರಿನಲ್ಲಿ ಮಾಡುತ್ತೀರಿ. ಅದರಿಂದಾಗಿ ಗಂಟು ಒಡೆದವರಿಗೇ ಬಹುಮಾನ ಬರುತ್ತದೆ. ಒಬ್ಬ ಸೈನಿಕನ ಎಲ್ಲ ವಸ್ತುಗಳನ್ನೂ ಒಟ್ಟಿಗಿಟ್ಟು ತೋರಿಸುವವರಿಗೆ, ಅವು ಎಷ್ಟೇ ದೇಶದವಾಗಿರಲಿ, ಪ್ರತ್ಯೇಕ ವಿಭಾಗವೊಂದನ್ನು ಮುಂದಿನ ಪ್ರದರ್ಶನದಿಂದಲೇ ಶುರುಮಾಡಿ. ಮಿಕ್ಕವರು ನಿಮ್ಮ ನಿಮ್ಮ ಆಲ್ಬಂಗಳನ್ನು ತೆರೆದು, ಯಾವ ಪದಕದ ಜೊತೆ ಯಾವ ಕಾಗದ ಬಂದಿತ್ತು ಎಂಬುದನ್ನು ನೆನಪಿರುವಾಗಲೇ ಬರೆದಿಡಿ. ನಾವು ಇವುಗಳ ಮಾಲೀಕರೇನೋ ಹೌದು, ಆದರೆ ಇವುಗಳನ್ನು ಮುಂದಿನವರಿಗೆ ಇಡಿಯಾಗಿ ದಾಟಿಸುವ ಹೊಣೆಯೂ ನಮ್ಮದೇ.

ಇಂತಿ,
ನಿಮ್ಮ ಬಳಗದವನೇ ಆದ ಒಬ್ಬ ಸಂಗ್ರಾಹಕ